ಗುಹೆ ನಿನ್ನದು, ಕೈ ನನ್ನದು

ಹನ್ನೆರಡು ಮೀಟರ್ ಮೇಲೆ ಕೂತಾಗ ವ್ಲಾಸ್ತಾ ಕುಬೀಚ್ಕೋವಾ ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ಕಿಯೋವ್ ಊರಾಚೆಯ ಕಾಂಕ್ರೀಟ್ ಕಾರ್ಖಾನೆಯಲ್ಲಿ ಅವಳು ಕ್ರೇನ್ ನಡೆಸುತ್ತಿದ್ದಳು. ಕೋಣೆಯ ಗೋಡೆಯಷ್ಟು ದೊಡ್ಡ ಹಲಗೆಗಳನ್ನು ಎತ್ತಿ, ಸರಿಸಿ, ಲಾರಿಯ ಮೇಲೆ ಮಲಗಿಸುವುದು ಕೆಲಸ. ಕೆಳಗೆ ನಿಂತವನು ಕೈಸನ್ನೆ ಮಾಡುತ್ತಾನೆ: ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ. ಎತ್ತು ಎನ್ನುವ ಸನ್ನೆಯನ್ನು ಅದಕ್ಕೆಂದೇ ನೇಮಿಸಿದ ಒಬ್ಬನೇ ಮಾಡಬೇಕು. ಆದರೆ ಅಂಗೈ ತೋರಿಸಿ ನಿಲ್ಲಿಸು ಎನ್ನುವುದನ್ನು ಯಾರು ಬೇಕಾದರೂ ಮಾಡಬಹುದು. ಕಸ ಗುಡಿಸುವವಳಾದರೂ ಸರಿ, ದಾರಿ ತಪ್ಪಿ ಒಳಗೆ ಬಂದವನಾದರೂ ಸರಿ, ಅಂಗೈ ಕಂಡ ಕ್ಷಣ ಕ್ರೇನ್ ನಿಲ್ಲಬೇಕು. ಯಾರು, ಯಾಕೆ ಎಂದು ಕೇಳುವುದೆಲ್ಲ ಆಮೇಲೆ.

ಇನ್ನೊಂದು ನಿಯಮವೂ ಇತ್ತು. ಸನ್ನೆ ಯಾರದೇ ಆಗಿರಲಿ, ಹಿಡಿಕೆ ಮೇಲಿದ್ದವಳ ಕೈಯಲ್ಲಿ. ಎಂಬತ್ತೇಳರಲ್ಲಿ ಒಮ್ಮೆ ಕೊಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು ವ್ಲಾಸ್ತಾ ಯಂತ್ರ ಆರಿಸಿ ಕೈ ಕಟ್ಟಿ ಕೂತುಬಿಟ್ಟಳು. ಕೆಳಗೆ ಮೇಸ್ತ್ರಿ ಕುಣಿದ, ಟೋಪಿ ಎಸೆದ, ಕೊನೆಗೆ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯನ್ನೇ ಕರೆತಂದ. ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಅಷ್ಟೊಂದು ಅವಸರ ಇದ್ರೆ ನೀವೇ ಮೇಲೆ ಬಂದು ಎತ್ಕೊಳ್ಳಿ. ನಾನು ಕೆಳಗೆ ನಿಂತು ಕೈ ಬೀಸ್ತೀನಿ," ಎಂದಳು. ಎರಡು ಗಂಟೆಯ ನಂತರ ಕೊಕ್ಕೆ ಬದಲಾಯಿಸಿದರು.

ಇಂಥ ಹೆಂಗಸು ಕೆಳಗಿಳಿದು ಸೈಕಲ್ ತುಳಿದುಕೊಂಡು ಮನೆಗೆ ಬಂದರೆ ಅಣ್ಣ ಓತಕಾರನ ಮುಂದೆ ಕೋಲೆಬಸವ. ನನಗೆ ಇದನ್ನು ಹೇಳುವಾಗ ಈಗಲೂ ಮೈ ಉರಿಯುತ್ತದೆ. ಅಪ್ಪ ತೀರಿಕೊಂಡಾಗ ಅವಳಿಗೆ ಹದಿನೈದು, ಅವನಿಗೆ ಇಪ್ಪತ್ತೊಂದು. ಅಂದಿನಿಂದ ಮನೆಯ ಲೋಕವೆಲ್ಲ ಅವನ ಬಾಯಿಂದಲೇ ಆಗಬೇಕು. ಅವಳಿಗೆ ಭೂಮಾಪನ ಕಲಿಯುವ ಆಸೆ ಇತ್ತು. ಒಂದು ಮನೆಗೆ ನಕ್ಷೆ ಬರೆಯುವವನು ಒಬ್ಬ ಸಾಕು, ನಾನಿದ್ದೇನಲ್ಲ ಎಂದ ಅವನು. ಅವಳನ್ನು ಮೆಚ್ಚಿ ಬಂದಿದ್ದ ಫಿಟ್ಟರ್ ಮಿರೆಕ್‌ಗೆ, "ವ್ಲಾಸ್ತಿಚ್ಕಾಗೆ ನೀನು ಸರಿಹೋಗಲ್ಲ" ಎಂದು ಅವಳ ಎದುರಿಗೇ ಹೇಳಿ ಕಳಿಸಿದ. ವ್ಲಾಸ್ತಿಚ್ಕಾ! ನಲವತ್ತೊಂದು ವರ್ಷದ, ಆರು ಟನ್ ಎತ್ತುವ ಹೆಂಗಸನ್ನು ಮಗುವಿನ ಹೆಸರಿಂದ ಕರೆಯುವುದು. ಅವನು ಕೆಟ್ಟವನಲ್ಲ. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ, ತಂಗಿಗೆ ಜ್ವರ ಬಂದರೆ ತಾನೇ ಸಾರು ಕಾಯಿಸುತ್ತಿದ್ದ. ಆದರೆ ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆಟ ಆ ಮನೆಗೆ ಬಂದದ್ದು ಕಮ್ಯುನಿಸ್ಟ್ ಸರ್ಕಾರ ಉರುಳಿದ ಮರುವರ್ಷ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಮೇಜಿನ ಸುತ್ತ ಕೂತು ಬಾಯಿಮಾತಿನಲ್ಲೇ ಆಡುವ ಆಟ. ಆಟಗಾರ ಒಬ್ಬೊಬ್ಬನೂ ಒಂದು ಪಾತ್ರ ವಹಿಸುತ್ತಾನೆ. ಅದರ ಬಲ, ಬುದ್ಧಿ, ಗಂಟುಮೂಟೆ ಎಲ್ಲ ಒಂದು ಹಾಳೆಯಲ್ಲಿ. ಉಳಿದ ಇಡೀ ಲೋಕ, ಅಂದರೆ ಕಾಡು, ಕೋಟೆ, ದರೋಡೆಕೋರರು, ಮಳೆ, ಛತ್ರದ ಮುದುಕಿ ಎಲ್ಲವೂ ಒಬ್ಬನದೇ. ಅವನಿಗೆ ನಮ್ಮ ಕಡೆ ಗುಹೆಯ ಒಡೆಯ ಎನ್ನುತ್ತಾರೆ. ಒಡೆಯ ಎದುರಿಗಿರುವುದನ್ನು ಬಣ್ಣಿಸಿ, "ಈಗ ಏನ್ ಮಾಡ್ತೀಯ?" ಎಂದು ಕೇಳಬೇಕು. ಆಟಗಾರ ಹೇಳಬೇಕು. ಅದು ನಡೆಯುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ದಾಳ ಹೇಳಬೇಕು. ಆಟವೆಂದರೆ ಇಷ್ಟೇ.

ಒಡೆಯ ಯಾರೆಂಬ ಪ್ರಶ್ನೆಯೇ ಏಳಲಿಲ್ಲ. ಓತಕಾರ್ ಪೆಟ್ಟಿಗೆ ತೆರೆದ ದಿನವೇ ಆ ಕುರ್ಚಿಯಲ್ಲಿ ಕೂತ. ಅಪ್ಪನ ಕಾಲದ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ, ಪೀಪಾಯಿಗಳ ಮಧ್ಯೆ, ಭಾನುವಾರ ಊಟವಾದ ಮೇಲೆ ಆಟ. ಬರುವವರು ಇಬ್ಬರು: ಅಂಚೆ ಹಂಚುವ ಬೆದ್ರಿಖ್, ದನದ ಡಾಕ್ಟರ್ ಲಿಬೋರ್. ನಿಜ ಬದುಕಿನಲ್ಲಿ ನಾಯಿ ಕಂಡರೆ ಬೇಲಿ ಹಾರುವ ಬೆದ್ರಿಖ್ ಆಟದಲ್ಲಿ ಏಳಡಿಯ ಯೋಧ. ಒಂದು ಸುಳ್ಳೂ ಹೇಳಲು ಬಾರದ ಲಿಬೋರ್ ಅಲ್ಲಿ ಕಳ್ಳ. ವ್ಲಾಸ್ತಾ ಮೊದಲು ಬಂದದ್ದು ಬ್ರೆಡ್ಡಿನ ಮೇಲೆ ಮೊಟ್ಟೆ, ಹ್ಯಾಮು ಜೋಡಿಸಿದ ತಟ್ಟೆ ಇಟ್ಟು ಹೋಗಲಿಕ್ಕೆ. ಮೂರನೆಯ ಆಟಗಾರ ಬೇಕಾಯಿತು, ಓತಕಾರ್ ಅವಳ ಕೈಗೆ ಒಂದು ಹಾಳೆ ಕೊಟ್ಟ. ಹಾಳೆ ಆಗಲೇ ತುಂಬಿತ್ತು. ಹೆಸರು: ಬ್ಯೆಲಿಂಕಾ, ಅಂದರೆ ಬೆಳ್ಳಗಿನ ಪುಟ್ಟಿ. ಕೆಲಸ: ಗಾಯ ವಾಸಿ ಮಾಡುವುದು. ಸ್ವಭಾವ: ಮೃದು.

"ಬ್ಯೆಲಿಂಕಾನಾ? ಹಿಟ್ಟಿನ ಪೊಟ್ಟಣದ ಹೆಸರಿದ್ದಂಗಿದೆ," ಎಂದಳು ವ್ಲಾಸ್ತಾ.

"ನಿಂಗೆ ಸರಿಹೋಗುತ್ತೆ, ಕೂತ್ಕೋ," ಎಂದ ಓತಕಾರ್.

ಕೂತಳು. ನಾಲ್ಕು ವರ್ಷ ಕೂತಳು. ಓತಕಾರ್ ದೊಡ್ಡ ಶಾಲಾ ಅಟ್ಲಾಸನ್ನು ಮೇಜಿನ ಮೇಲೆ ನಿಲ್ಲಿಸಿ ಅದರ ಮರೆಯಲ್ಲಿ ತನ್ನ ನಕ್ಷೆಗಳನ್ನು ಹರಡಿಕೊಂಡು ಮಾತು ಶುರುಮಾಡಿದನೆಂದರೆ, ನಿಜಕ್ಕೂ ನೆಲಮಾಳಿಗೆಯ ಗೋಡೆಯೇ ಹಿಂದೆ ಸರಿದಂತಾಗುತ್ತಿತ್ತು. ಹಿಮ ಎಂದರೆ ಬೆದ್ರಿಖ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಆಮೇಲೆ ಸುತ್ತು ಬರುತ್ತಿತ್ತು. "ಬೆದ್ರಿಖ್, ಏನ್ ಮಾಡ್ತೀಯ? ಲಿಬೋರ್, ನೀನು?" ಅವರು ಹೇಳಿ ಮುಗಿಸಿದ ಮೇಲೆ ಓತಕಾರ್ ತಾನೇ, "ಬ್ಯೆಲಿಂಕಾ ಗಾಯ ಕಟ್ಟುತ್ತಾಳೆ," ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದ. ನಾಲ್ಕು ವರ್ಷದಲ್ಲಿ ಒಂದು ಸಲವೂ ಆ ಪ್ರಶ್ನೆ ಅವಳ ಪಾಲಿಗೆ ಬರಲಿಲ್ಲ.

ಆ ಮೇಜಿಗೆ ಎರಡು ಕಟ್ಟಳೆ ಇದ್ದವು, ಎರಡನ್ನೂ ಓತಕಾರನೇ ಸೀಮೆಸುಣ್ಣದಲ್ಲಿ ಕಮಾನಿನ ಗೋಡೆಯ ಮೇಲೆ ಬರೆದಿದ್ದ. ಮೊದಲ ವರ್ಷ ಲಿಬೋರನ ಇಬ್ಬರು ಕಳ್ಳರು ಒಬ್ಬರ ಹಿಂದೊಬ್ಬರು, ಓತಕಾರ್ ಅಟ್ಲಾಸಿನ ಮರೆಯಲ್ಲಿ ಉರುಳಿಸಿದ ದಾಳಕ್ಕೆ ಸತ್ತಿದ್ದರು. "ನಾನು ಹಸು ಸತ್ತಿದೆ ಅಂತ ಹೇಳಬೇಕಾದ್ರೂ ಕೈ ಇಟ್ಟು ನೋಡ್ತೀನಪ್ಪ. ಕೇಳಿದ ಸಾವನ್ನ ನಾನು ನಂಬಲ್ಲ," ಎಂದು ಅವನು ಮುನಿಸಿಕೊಂಡ ಮೇಲೆ ಬರೆದದ್ದು ಮೊದಲನೆಯದು: ಸಾವಿನ ದಾಳ ಎಲ್ಲರ ಕಣ್ಣೆದುರು. ಎರಡನೆಯದು: ಸತ್ತವನು ತನ್ನ ಹೆಸರನ್ನು ಗೋಡೆಗೆ ಬರೆದು, ಅಂದು ಎಲ್ಲರ ಲೋಟ ತುಂಬಿ, ಮುಂದಿನ ಭಾನುವಾರ ಹೊಸ ಹಾಳೆ ತರಬೇಕು. ಗೋಡೆಯ ಮೇಲೆ ಆಗಲೇ ಹನ್ನೊಂದು ಹೆಸರಿದ್ದವು.

ಎಲ್ಲ ಕೆಟ್ಟದ್ದು ತೊಂಬತ್ತೈದರ ಮಾರ್ಚಿನಲ್ಲಿ. ಅದಕ್ಕೆ ಮೂರು ವಾರ ಮುಂಚೆ ಓತಕಾರನ ಕತೆಯಲ್ಲಿ ಹೋರ್ನೆಕ್ ಎಂಬ ಪಾಳೆಯಗಾರ ಒಂದು ಹಿಟ್ಟಿನ ಗಿರಣಿಗೆ ಬೆಂಕಿ ಇಟ್ಟಿದ್ದ, ಒಳಗಿದ್ದವರ ಸಮೇತ. ಓತಕಾರ್ ಅದನ್ನು ಎಷ್ಟು ಚೆನ್ನಾಗಿ ಬಣ್ಣಿಸಿದ್ದನೆಂದರೆ ವ್ಲಾಸ್ತಾ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಈಗ ಅದೇ ಹೋರ್ನೆಕ್, ಎದೆಗೆ ಬಾಣ ನೆಟ್ಟು, ಗಣಿಯ ಬಾಗಿಲಲ್ಲಿ ಬಿದ್ದಿದ್ದ. ಕೆಳಗಿನ ಗಣಿಯ ದಾರಿ ಗೊತ್ತಿದ್ದವನು ಅವನೊಬ್ಬನೇ. ಆ ಕೆಳಗಿನ ಗಣಿಯನ್ನು ಓತಕಾರ್ ಎರಡು ತಿಂಗಳು ಕೂತು ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದ. ಹೋರ್ನೆಕ್ ಬದುಕದಿದ್ದರೆ ಅಷ್ಟೂ ಕೆಲಸ ಗೆದ್ದಲಿಗೆ.

"ಬ್ಯೆಲಿಂಕಾ ಅವನ ಎದೆ ಮೇಲೆ ಕೈ ಇಡ್ತಾಳೆ," ಎಂದ ಓತಕಾರ್, ಆಗಲೇ ನಕ್ಷೆ ಬಿಚ್ಚುತ್ತ.

"ಇಡಲ್ಲ."

ಬೆದ್ರಿಖ್ ಬಾಯಿಗೆ ಒಯ್ಯುತ್ತಿದ್ದ ಬ್ರೆಡ್ಡು ಅಲ್ಲೇ ನಿಂತಿತು.

"ಏನಂದೆ?" ಎಂದ ಓತಕಾರ್.

"ಇಡಲ್ಲ ಅಂದೆ. ಗಿರಣಿ ಸುಟ್ಟೋನ್ನ ನಾನು ಮುಟ್ಟಲ್ಲ. ಅವನ ಪಕ್ಕ ಕೂತ್ಕೋತೀನಿ, ಒಳಗಿದ್ದೋರ ಹೆಸರು ಒಂದೊಂದೇ ಹೇಳ್ತೀನಿ. ಕೇಳಿಸ್ಕೊಂಡು ಸಾಯ್ಲಿ."

"ವ್ಲಾಸ್ತಿಚ್ಕಾ, ಬ್ಯೆಲಿಂಕಾ ಹಂಗೆಲ್ಲ ಮಾಡೋಳಲ್ಲ. ಅವಳ ಸ್ವಭಾವ ಮೃದು."

"ಅದು ನೀನು ಬರೆದಿದ್ದು. ನನ್ನ ಯಾರೂ ಕೇಳ್ಲಿಲ್ಲ."

"ನಾನು ಒಡೆಯ!"

"ಯಾರು ಇಲ್ಲ ಅಂದ್ರು? ಗುಹೆ ನಿನ್ನದು. ಬೆಟ್ಟ ನಿನ್ನದು, ಮಳೆ ನಿನ್ನದು, ಆ ದರಿದ್ರ ಹೋರ್ನೆಕ್ಕೂ ನಿನ್ನೋನೇ ಇಟ್ಕೋ. ಈ ಎರಡು ಕೈ ಮಾತ್ರ ನನ್ನದು, ಓತಾ. ಇಡೀ ಲೋಕದಲ್ಲಿ ನಂಗೆ ಇರೋದೇ ಇಷ್ಟು."

ಅಪ್ಪ ಹೋದಾಗಿನಿಂದ ಇಪ್ಪತ್ತಾರು ವರ್ಷ ನುಂಗಿಕೊಂಡಿದ್ದ ಮಾತು ಅದು. ಓತಕಾರನ ಕಿವಿ ಕೆಂಪಾಯಿತು. ಇಬ್ಬರು ಗೆಳೆಯರ ಎದುರಿಗೆ, ತನ್ನದೇ ಕುರ್ಚಿಯಲ್ಲಿ! ಅವನು ಅಟ್ಲಾಸನ್ನು ಸರಿಯಾಗಿ ನಿಲ್ಲಿಸಿ, ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಮಾತಾಡುವ ದನಿಯಲ್ಲಿ ಹೇಳಿದ: "ಗಣಿಯ ಮಾಡಿನಿಂದ ಒಂದು ಬಂಡೆ ಕಳಚುತ್ತದೆ. ನೇರವಾಗಿ ಬ್ಯೆಲಿಂಕಾಳ ತಲೆಯ ಮೇಲೆ ಬರುತ್ತದೆ."

ವ್ಲಾಸ್ತಾಳ ಎರಡೂ ಅಂಗೈ ತಾವಾಗಿ ಮೇಲೆದ್ದವು. ನಿಲ್ಲಿಸು. ಹತ್ತೊಂಬತ್ತು ವರ್ಷದ ಅಭ್ಯಾಸ.

ಓತಕಾರ್ ಅದನ್ನು ನೋಡಿದ. ನೋಡಿಯೂ, "ಬಿತ್ತು. ಸತ್ತಳು," ಎಂದ.

ಆಡುವವರಿಗೇ ಗೊತ್ತು, ಒಡೆಯ ಮಾಡಬಾರದ ತಪ್ಪು ಇದೊಂದೇ. ಅವನು ದೆವ್ವ ಬಿಡಲಿ, ಸೈನ್ಯ ಬಿಡಲಿ, ಅದು ಅವನ ಕೆಲಸ. ದಾಳಕ್ಕೂ ಬಿಡದೆ ಆಟಗಾರನನ್ನು ತಾನೇ ಕೊಂದರೆ ಅವನು ಒಡೆಯನಲ್ಲ, ಬರೀ ಸಿಟ್ಟಾದ ಮನುಷ್ಯ.

"ದಾಳ ಎಲ್ಲಿ?" ಎಂದಳು ವ್ಲಾಸ್ತಾ, ಗೋಡೆಯತ್ತ ಬೆರಳು ತೋರಿಸಿ. "ನಿನ್ನದೇ ಅಕ್ಷರ."

"ಬಂಡೆಗೆ ದಾಳ ಬೇಕಾಗಿಲ್ಲ."

"ಬಂಡೆ ಬೀಳೋದನ್ನ ನಂಗೆ ಹೇಳಿಕೊಡ್ತೀಯಾ? ದಿನಾ ನನ್ನ ಕೈಕೆಳಗೆ ಆರು ಟನ್ ತೂಗಾಡುತ್ತೆ. ಬೀಳೋಕೆ ಮುಂಚೆ ಕಿರುಗುಟ್ಟುತ್ತೆ, ಮಣ್ಣು ಉದುರುತ್ತೆ, ಕಾಲಿರೋರು ಓಡ್ತಾರೆ. ದಾಳ ಉರುಳಿಸು. ಅಲ್ಲೀವರೆಗೂ ನಾನು ಸತ್ತಿಲ್ಲ."

ಓತಕಾರ್ ಉತ್ತರವಾಗಿ ಅಟ್ಲಾಸಿನ ಹಿಂದಿನಿಂದ ಒಂದು ಹಾಳೆ ತೆಗೆದು ಅವಳ ಮುಂದೆ ಸರಿಸಿದ. ಎಂದಾದರೂ ಬೇಕಾದೀತೆಂದು ಎಂದೋ ತುಂಬಿಸಿಟ್ಟಿದ್ದ. ಹೆಸರು: ಸ್ನ್ಯೆಜೆಂಕಾ, ಹಿಮದಲ್ಲಿ ಅರಳುವ ಬಿಳಿ ಹೂವಿನದು. ಬ್ಯೆಲಿಂಕಾಳ ತಂಗಿ. ಕೆಲಸ: ಗಾಯ ವಾಸಿ ಮಾಡುವುದು. ಸ್ವಭಾವ: ಮೃದು.

ನಗಬೇಕೋ ಅಳಬೇಕೋ ಹೇಳಿ! ಲಿಬೋರ್ ಕೆಮ್ಮಿದ. ವ್ಲಾಸ್ತಾ ಆ ಹಾಳೆಯನ್ನು ನೋಡಿದಳು. ಇದನ್ನು ಇವತ್ತು ಕೈಗೆ ತಗೊಂಡರೆ ಸಾಯುವವರೆಗೂ ಇವನು ತುಂಬಿ ಕೊಟ್ಟ ಹಾಳೆಯನ್ನೇ ತಗೊಳ್ಳುತ್ತೇನೆ, ಎಂಬುದು ಅವಳಿಗೆ ಆ ಕ್ಷಣ ಸ್ಪಷ್ಟವಾಯಿತು. ಹಾಳೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದಳು. ಅಂದು ಯಾರ ಲೋಟವನ್ನೂ ತುಂಬಲಿಲ್ಲ, ಗೋಡೆಗೆ ಹೆಸರು ಬರೆಯಲಿಲ್ಲ.

ಮುಂದಿನ ಭಾನುವಾರ ಬಂದು ತನ್ನ ಜಾಗದಲ್ಲೇ ಕೂತಳು. ಓತಕಾರ್ ಸುತ್ತು ಹಾಕಿ ಬೆದ್ರಿಖ್‌ನನ್ನು ಕೇಳಿದ, ಲಿಬೋರ್‌ನನ್ನು ಕೇಳಿದ, ಅವಳನ್ನು ದಾಟಿದ. "ನಾನು ದೀಪ ಹಚ್ಚಿ ದಾರಿ ನೋಡ್ತೀನಿ," ಎಂದಳು ವ್ಲಾಸ್ತಾ, ಗಟ್ಟಿಯಾಗಿ. ಓತಕಾರ್ ಸೂರನ್ನು ನೋಡುತ್ತ, "ಸತ್ತವರು ಮಾತಾಡಲ್ಲ," ಎಂದ. "ಸಾಯಿಸಿದೋರು ಸುಳ್ಳು ಹೇಳಿದ್ರೆ ಮಾತಾಡ್ತಾರೆ," ಎಂದಳು ಇವಳು. ಅದರ ಮುಂದಿನ ವಾರವೂ ಹಾಗೆಯೇ. ನೆಲಮಾಳಿಗೆಯಲ್ಲಿ ಸುತ್ತಿಗೊಮ್ಮೆ ಅವಳ ದನಿ ಏಳುವುದು, ಓತಕಾರನ ಕಿವಿ ಕಿವುಡಾಗುವುದು. ಮನೆಯಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಸೂಪು ಕುಡಿದು ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. "ಅದು ಬರೀ ಆಟ," ಎಂದ ಅವನು ಒಮ್ಮೆ. "ಹಂಗಾದ್ರೆ ದಾಳ ಉರುಳಿಸೋಕೆ ನಿಂಗೇನು ಕಷ್ಟ?" ಎಂದಳು ಅವಳು. ಅವನು ಉಪ್ಪಿನ ಬಟ್ಟಲನ್ನು ಎಳೆದುಕೊಂಡ.

ಮೂರನೆಯ ಭಾನುವಾರ ಓತಕಾರ್ ಮತ್ತೆ ಸುತ್ತು ಹಾಕಿದ.

"ಬೆದ್ರಿಖ್, ಏನ್ ಮಾಡ್ತೀಯ?"

"ಏನೂ ಮಾಡಲ್ಲ ಮಾರಾಯ. ಕೂತಿದೀನಿ."

"ನಾಲ್ಕು ತೋಳ ಬರ್ತಿದಾವೆ!"

"ಬರ್ಲಿ. ತಿನ್ಲಿ. ನನ್ನ ಗಾಯ ಕಟ್ಟೋಳು ಪಕ್ಕದಲ್ಲೇ ಕೂತು ಮಾತಾಡ್ತಿದಾಳೆ, ನೀನು ಕೇಳಿಸ್ತಿಲ್ಲ ಅಂತೀಯ. ನಂಗೆ ಕೇಳಿಸ್ತಿದೆಯಲ್ಲಪ್ಪ. ಅವಳನ್ನ ಕೇಳು, ಆಮೇಲೆ ನನ್ನ ಕೇಳು."

ನಾಯಿಗೆ ಹೆದರಿ ಬೇಲಿ ಹಾರುವ ಬೆದ್ರಿಖ್! ಲಿಬೋರ್ ತನ್ನ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟ. "ನಂದೂ ಅಷ್ಟೇ. ಹೆಣ ತೋರಿಸು, ಇಲ್ಲ ದಾಳ ತೋರಿಸು," ಎಂದ.

ಆಟಗಾರರೇ ಇಲ್ಲದ ಒಡೆಯ ಅಂದರೆ ಯಾರು? ಅಟ್ಲಾಸಿನ ಹಿಂದೆ ಒಬ್ಬನೇ ಕೂತ ಮೇಷ್ಟ್ರು. ಓತಕಾರ್ ತನ್ನ ಬಣ್ಣದ ಗಣಿಯ ನಕ್ಷೆಯನ್ನು ಮಡಿಸಿ ಬದಿಗಿಟ್ಟ. ಕೊನೆಗೆ ಆರು ಮುಖದ ಮೂಳೆಯ ದಾಳವನ್ನು ಮೇಜಿನ ನಡುವೆ ಇಟ್ಟ.

"ಒಂದು ಬಿದ್ದರೆ ಸಾವು. ಎರಡರಿಂದ ಮೇಲೆ ಎಷ್ಟು ಬಿದ್ದರೂ ತಪ್ಪಿಸಿಕೊಂಡಳು. ಸಾಕಾ?"

"ಸಾಕು," ಎಂದು ವ್ಲಾಸ್ತಾ ಕೈ ಒರೆಸಿಕೊಂಡು ದಾಳ ಉರುಳಿಸಿದಳು. ಅದು ಬ್ರೆಡ್ಡಿನ ತಟ್ಟೆಗೆ ತಾಗಿ, ತಿರುಗಿ, ಬೆದ್ರಿಖ್‌ನ ಲೋಟದ ಬುಡದಲ್ಲಿ ನಿಂತಿತು.

ಒಂದು.

ನಮ್ಮಮ್ಮನಾಣೆಗೂ, ಬೆದ್ರಿಖ್ ಅಳುವ ಮುಖ ಮಾಡಿದ. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಓತಕಾರ್. ಅವನು ಗೆದ್ದಿದ್ದ, ಗೆದ್ದ ಮುಖವಾಗಿರಲಿಲ್ಲ ಅದು.

"ತಟ್ಟೆಗೆ ತಾಗಿತು," ಎಂದ ಮೆಲ್ಲಗೆ. "ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಉರುಳಿಸು, ವ್ಲಾಸ್ತಿಚ್ಕಾ."

"ಬೇಡ. ಬಿದ್ದಿದ್ದು ಬಿತ್ತು. ನೀನು ಕೊಂದ್ರೆ ನಾನು ಸಾಯಲ್ಲ, ಓತಾ. ನೀನು ಉಳಿಸಿದ್ರೂ ಬದುಕಲ್ಲ. ದಾಳ ಕೊಂತು, ಸತ್ತೆ. ಎಷ್ಟು ಸುಲಭ ಇತ್ತು ನೋಡು."

ಎದ್ದು ಸೀಮೆಸುಣ್ಣ ತಗೊಂಡಳು. ಹನ್ನೊಂದು ಹೆಸರುಗಳ ಕೆಳಗೆ ಬ್ಯೆಲಿಂಕಾ ಎಂದು ಬರೆಯಲಿಲ್ಲ. ಬೊದ್ಲಾಚ್ಕಾ ಎಂದು ಬರೆದಳು, ಮುಳ್ಳುಗಿಡದ ಹೆಸರು. ನಾಲ್ಕು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರದು. ಆಮೇಲೆ ಕಟ್ಟಳೆಯಂತೆ ಹೂಜಿ ಎತ್ತಿ ಎಲ್ಲರ ಲೋಟ ತುಂಬಿದಳು, ಅಣ್ಣನದ್ದನ್ನೂ ಸೇರಿಸಿ, ಅಂಚಿನ ತನಕ. ಒಂದು ಹನಿಯೂ ಚೆಲ್ಲಲಿಲ್ಲ. ಕೈಯ ಹಿಡಿತವೇ ಅವಳ ಹೊಟ್ಟೆಪಾಡು.

ಮುಂದಿನ ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ನೆಲಮಾಳಿಗೆಗೆ ಇಳಿದಳು. ಬೆದ್ರಿಖ್, ಲಿಬೋರ್ ಬಂದಾಗ ಒಡೆಯನ ಕುರ್ಚಿಯಲ್ಲಿ ಕೂತಿದ್ದಳು. ಅಟ್ಲಾಸು ಪೀಪಾಯಿಯ ಮೇಲೆ ಮಲಗಿತ್ತು. ಓತಕಾರ್ ಕೊನೆಗೆ ಬಂದು ಮೆಟ್ಟಿಲ ಮೇಲೆಯೇ ನಿಂತ.

"ಅದು ನನ್ನ ಜಾಗ."

"ಸತ್ತವರು ಹೊಸ ಹಾಳೆ ತರಬೇಕು ಅಂತ ತಾನೇ ಬರೆದಿದೀಯ? ತಂದಿದೀನಿ," ಎಂದು ವ್ಲಾಸ್ತಾ ಸುರುಳಿ ಬಿಚ್ಚಿದಳು. ಸಿಮೆಂಟು ಚೀಲದ ಕಂದು ಕಾಗದ ಕತ್ತರಿಸಿ ಅಂಟಿಸಿದ್ದು, ಮೇಜು ತುಂಬ. ಅದರ ಮೇಲೆ ಒಂದು ಬಂದರು: ನದಿ, ಹಡಗುಕಟ್ಟೆ, ಉಗ್ರಾಣಗಳು, ಸಾಲು ಸಾಲಾಗಿ ಭಾರ ಎತ್ತುವ ಮರದ ಕ್ರೇನ್‌ಗಳು. ಒಂದೊಂದು ಗೆರೆಯೂ ಅಳೆದು ಹಾಕಿದ್ದು. ಭೂಮಾಪನ ಕಲಿಯದವಳ ಕೈ ಅದೆಂದು ಯಾರೂ ಹೇಳಲಾರರು. ಭೂಗೋಳದ ಮೇಷ್ಟ್ರಿಗಿಂತ ಚೆನ್ನಾಗಿ ಅದು ಯಾರಿಗೆ ತಿಳಿಯಬೇಕು? ಓತಕಾರ್ ಮೆಟ್ಟಿಲಿಳಿದು ಬಂದು ಬಗ್ಗಿ ನೋಡಿದ.

"ಕೂತ್ಕೋ ಮಾರಾಯ, ತೋಳ ಬರಲ್ಲ," ಎಂದ ಬೆದ್ರಿಖ್.

ವ್ಲಾಸ್ತಾ ಅಣ್ಣನ ಮುಂದೆ ಒಂದು ಹಾಳೆ ಇಟ್ಟಳು. ಅದು ಖಾಲಿ ಇತ್ತು. ಹೆಸರಿನ ಜಾಗ ಖಾಲಿ, ಸ್ವಭಾವದ ಜಾಗ ಖಾಲಿ. ಪಕ್ಕದಲ್ಲಿ ಪೆನ್ಸಿಲ್. ಅವನು ತಂಗಿಯ ಹಳೆಯ ಜಾಗದಲ್ಲಿ, ತಟ್ಟೆಯ ಪಕ್ಕ ಕೂತು, ಪೆನ್ಸಿಲನ್ನು ಬೆರಳುಗಳ ನಡುವೆ ತಿರುಗಿಸಿದ. "ಏನು ಬರೀಲಿ?" ಎಂದ. "ನಂಗೇನ್ ಗೊತ್ತು," ಎಂದಳು ಅವಳು.

ಅವನು ಹೆಸರು ಬರೆಯುವವರೆಗೆ ಎಲ್ಲರೂ ಕಾದರು. ಆಮೇಲೆ ವ್ಲಾಸ್ತಾ ಶುರುಮಾಡಿದಳು. ಅಣ್ಣನ ಹಾಗೆ ಬಣ್ಣ ಕಟ್ಟಲು ಅವಳಿಗೆ ಬಾರದು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಹಡಗುಕಟ್ಟೆ, ಬೆಳಗಿನ ಹೊತ್ತು, ನೆಲ ಒದ್ದೆ. ಮೇಲೆ ಕ್ರೇನಿನಲ್ಲಿ ಕಲ್ಲಿನ ದಿಮ್ಮಿಯೊಂದು ತೂಗಾಡುತ್ತಿದೆ. ಸರಪಳಿಯ ಒಂದು ಕೊಂಡಿ ಬಿರುಕು ಬಿಟ್ಟಿದೆ. ಕಿರುಗುಟ್ಟುತ್ತಿದೆ.

"ಅದರ ಕೆಳಗೆ ನೀನು ನಿಂತಿದೀಯ, ಓತಾ," ಎಂದಳು. "ಈಗ ಏನ್ ಮಾಡ್ತೀಯ?"

ಓತಕಾರ್ ಐದು ವರ್ಷ ಬೇರೆಯವರನ್ನು ಕೇಳಿದ ಪ್ರಶ್ನೆ ಅದು. ಅವನನ್ನು ಯಾರೂ ಕೇಳಿದ್ದಿಲ್ಲ. ಮೇಲೆ ಕೂತವಳ ಮನಸ್ಸಿನಲ್ಲಿ ಏನಿದೆಯೋ ಎಂದು ಅವಳ ಮುಖ ನೋಡಿದ. ಬೇಕೆಂದರೆ ಅವಳು "ಬಿತ್ತು" ಎನ್ನಬಹುದಿತ್ತು. ಒಂದೇ ಮಾತು. ಅದಕ್ಕೆ ಅವಳಿಗೆ ಹಕ್ಕಿಲ್ಲ ಎಂದು ಹೇಳುವ ಧೈರ್ಯ ಆ ನೆಲಮಾಳಿಗೆಯಲ್ಲಿ ಅವನೊಬ್ಬನಿಗೆ ಮಾತ್ರ ಇರಲಿಲ್ಲ.

ಓತಕಾರ್ ಮೆಲ್ಲಗೆ ಎರಡೂ ಕೈ ಎತ್ತಿ, ತಂಗಿಗೆ ಅಂಗೈ ತೋರಿಸಿದ.

"ಕ್ರೇನ್ ನಿಂತಿತು," ಎಂದಳು ವ್ಲಾಸ್ತಾ. "ಮುಂದಕ್ಕೆ ಹೇಳು."